ಮನೆಯ ಮಾಮೂಲಿ ದಿನಗಳ ಫೋಟೋ: ಚಿಕ್ಕ ಮಕ್ಕಳಿರುವ ಅಪ್ಪ ಅಮ್ಮಂದಿರಿಗೆ ಸಮಗ್ರ ಮಾರ್ಗದರ್ಶಿ

ಮಕ್ಕಳ ಮುಖದ ಫೋಟೋಗಳಿಗೆ ಇವತ್ತು ಯಾವ ಮನೆಯಲ್ಲೂ ಬರವಿಲ್ಲ. ನಾಮಕರಣ, ಮೊದಲ ಹುಟ್ಟುಹಬ್ಬ, ಅಷ್ಟಮಿಗೆ ತಲೆಗೆ ಕಟ್ಟಿದ ನವಿಲುಗರಿ, ಶಾಲೆಯ ಮೊದಲ ದಿನ ಗೇಟಿನ ಮುಂದೆ ನಿಲ್ಲಿಸಿ ತೆಗೆದದ್ದು, ಹೀಗೆ ಫೋನ್ ತುಂಬ ಮುಖಗಳೇ. ಆ ಮುಖದ ಸುತ್ತ ಇದ್ದ ಬದುಕು ಮಾತ್ರ ಎಲ್ಲೂ ಸಿಗುವುದಿಲ್ಲ. ಅನ್ನ ಕಲಸುತ್ತಿದ್ದ ಅಜ್ಜಿಯ ಕೈ, ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಎಳೆದ ಎತ್ತರದ ಗೆರೆ, ಒಂದು ಚಕ್ರ ಕಳಚಿದ ಮೂರು ಗಾಲಿಯ ಸೈಕಲ್, ಸಂಜೆ ಕರೆಂಟ್ ಹೋದಾಗ ಎಲ್ಲರೂ ಬಂದು ಕೂರುತ್ತಿದ್ದ ಜಗಲಿ. ಬಾಡಿಗೆ ಮನೆ ಬದಲಾದರೆ, ಅಜ್ಜಿ ಊರಿಗೆ ಹೋದರೆ, ಮಗುವಿಗೆ ತಾನೇ ಉಣ್ಣಲು ಬಂದರೆ ಇವೆಲ್ಲ ಸದ್ದಿಲ್ಲದೆ ಮುಗಿದುಹೋಗುತ್ತವೆ.

ನಾನು ಮೈಸೂರಿನಲ್ಲಿ ಮದುವೆ, ನಾಮಕರಣಗಳ ಫೋಟೋ ತೆಗೆಯುವವಳು. ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳಿದ್ದಾರೆ. ಮದುವೆಮನೆಯಲ್ಲಿ ಎಲ್ಲರೂ ಫೋಟೋಗೆಂದೇ ಸಿದ್ಧರಾಗಿ ಬಂದಿರುತ್ತಾರೆ, ಬೆಳಕನ್ನು ನಾವೇ ತಂದಿರುತ್ತೇವೆ. ಮನೆಯ ದಿನಚರಿಯಲ್ಲಿ ಇವೆರಡೂ ಇಲ್ಲ. ಹಾಗಾಗಿ ಕೆಲಸದ ವಿಧಾನವೇ ಬೇರೆಯಾಗಬೇಕು. ಕೆಳಗೆ ಹೇಳಿರುವುದು ಆ ವಿಧಾನ. ಕ್ಯಾಮೆರಾ ಇದ್ದವರಿಗೂ ಸರಿ, ಬರೀ ಫೋನ್ ಇದ್ದವರಿಗೂ ಸರಿ.

ಹಂತ 1: ಮೊದಲು ಕ್ಯಾಮೆರಾ ಇಲ್ಲದೆ ಮನೆಯನ್ನು ನೋಡಿ

ಒಂದು ವಾರ ಏನನ್ನೂ ತೆಗೆಯಬೇಡಿ. ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ: ನಮ್ಮ ಮನೆಯಲ್ಲಿ ದಿನವೂ ನಡೆಯುವ, ಇನ್ನೆರಡು ವರ್ಷದಲ್ಲಿ ನಿಂತುಹೋಗುವ ಕೆಲಸಗಳು ಯಾವುವು? ಶೂ ಲೇಸ್ ಕಟ್ಟಿಸಿಕೊಳ್ಳುವುದು, ಎರಡು ಜಡೆ ಹಾಕಿಸಿಕೊಳ್ಳುವಾಗ ಅಳುವುದು, ಅಪ್ಪನ ಸ್ಕೂಟರಿನಲ್ಲಿ ಮುಂದೆ ನಿಂತು ಗಲ್ಲಿಯ ತಿರುವಿನವರೆಗೆ ಹೋಗಿಬರುವುದು, ಹಾಲು ಕುಡಿದು ಮೀಸೆ ಮಾಡಿಕೊಳ್ಳುವುದು, ಚಪಾತಿ ಹಿಟ್ಟಿನ ಒಂದು ಉಂಡೆಗಾಗಿ ಅಡುಗೆಮನೆಯಲ್ಲಿ ಕಾಯುವುದು. ಪಕ್ಕದಲ್ಲಿ ಇನ್ನೊಂದು ಪಟ್ಟಿ ಮಾಡಿ, ಅದು ವಸ್ತುಗಳದ್ದು: ಮಗು ಬಿಡದೆ ಹಿಡಿದುಕೊಂಡು ಮಲಗುವ ಹಳೆಯ ಸೀರೆಯ ತುಂಡು, ಗೋಡೆಯ ಮೇಲಿನ ಕ್ರೇಯಾನ್ ಗೀಚು, ಹಾಲು ಕಾಯಿಸುವ ಪಾತ್ರೆ.

ಹತ್ತು ಹದಿನೈದು ಸಾಲು ಬಂದರೆ ಸಾಕು. ಅದೇ ನಿಮ್ಮ ಒಂದು ವರ್ಷದ ಕೆಲಸ. ಪಟ್ಟಿ ಇಲ್ಲದೆ ಹೊರಟರೆ ಕೈ ತಾನಾಗಿಯೇ ನಗುವ ಮುಖದ ಕಡೆಗೇ ಹೋಗುತ್ತದೆ.

ಮಾಮೂಲಿ ಬದುಕಿನಲ್ಲಿ ಚಿತ್ರ ಎಲ್ಲಿ ಬರುತ್ತದೆ ಎಂದು ಅನುಮಾನವಿದ್ದವರು ಮೈಸೂರಿನವರೇ ಆದ ಟಿ.ಎಸ್. ಸತ್ಯನ್ (1923–2009) ಅವರ ಕೆಲಸ ನೋಡಬೇಕು. ದೇಶದ ದೊಡ್ಡ ಪತ್ರಿಕಾ ಛಾಯಾಗ್ರಾಹಕರಲ್ಲಿ ಒಬ್ಬರು. 1979, ಅಂತರರಾಷ್ಟ್ರೀಯ ಮಕ್ಕಳ ವರ್ಷ. ಆಗ ಯುನಿಸೆಫ್ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟದ್ದು ಅವರು ತೆಗೆದ ಮಕ್ಕಳ ಚಿತ್ರಗಳನ್ನು.

ಹಂತ 2: ಒಂದು ಕ್ಯಾಮೆರಾ, ಒಂದು ಲೆನ್ಸ್, ಅದಕ್ಕೊಂದು ಜಾಗ

ಮನೆಯೊಳಗೆ 35 ಎಂಎಂ ಲೆನ್ಸ್‌ನಷ್ಟು ಒದಗುವುದು ಇನ್ನೊಂದಿಲ್ಲ (ಫುಲ್ ಫ್ರೇಮ್ ಎನ್ನುವ ದೊಡ್ಡ ಸೆನ್ಸರಿನ ಲೆಕ್ಕದಲ್ಲಿ. ಒಂದೂವರೆ ಪಟ್ಟು ಚಿಕ್ಕ ಸೆನ್ಸರಿನ, ಅಂದರೆ 1.5 ಕ್ರಾಪ್ ಇರುವ ಕ್ಯಾಮೆರಾದಲ್ಲಿ ಅದಕ್ಕೆ 23 ಅಥವಾ 24 ಎಂಎಂ). ಕಾರಣ ನಮ್ಮ ಕೋಣೆಗಳ ಅಳತೆ. ಸಾಮಾನ್ಯ ಬೆಡ್‌ರೂಮು ಹತ್ತು ಅಡಿಗೆ ಹನ್ನೆರಡು ಅಡಿ, ಅಂದರೆ ಗೋಡೆಗೆ ಬೆನ್ನು ಹಚ್ಚಿ ನಿಂತರೂ ಮಗುವಿಗೂ ನಿಮಗೂ ಮೂರು ಮೀಟರ್ ಮೀರಿ ದೂರ ಸಿಗುವುದಿಲ್ಲ. ಆ ದೂರದಿಂದ 35 ಎಂಎಂ ಲೆನ್ಸ್ ಸುಮಾರು ಮೂರು ಮೀಟರ್ ಅಗಲದ ದೃಶ್ಯ ಹಿಡಿಯುತ್ತದೆ: ಮಗು, ಮಂಚ, ಮಡಚುತ್ತಿರುವ ಬಟ್ಟೆಯ ರಾಶಿ, ಅದರ ಪಕ್ಕ ಅಪ್ಪ. ಎಲ್ಲರೂ ಮೊದಲು ಕೊಳ್ಳುವ 50 ಎಂಎಂ ಲೆನ್ಸನ್ನು ಕ್ರಾಪ್ ಕ್ಯಾಮೆರಾಗೆ ಹಾಕಿದರೆ ಅದು 75 ಎಂಎಂ ಆಗುತ್ತದೆ. ಅದೇ ಜಾಗದಿಂದ ಒಂದೂವರೆ ಮೀಟರ್ ಅಗಲ ಮಾತ್ರ. ಮುಖ ಚೆನ್ನಾಗಿ ಬರುತ್ತದೆ, ಮನೆ ಬರುವುದಿಲ್ಲ.

ಫೋನಿನಲ್ಲಿ 1 ಎಕ್ಸ್ ಲೆನ್ಸ್ ಸಾಕು. ಅದು 35 ಎಂಎಂಗಿಂತ ಇನ್ನೂ ಅಗಲ, ಹಾಗಾಗಿ ಮನುಷ್ಯರನ್ನು ಚೌಕಟ್ಟಿನ ಅಂಚಿನಿಂದ ಒಳಗಿಡಿ. ಅಂಚಿನಲ್ಲಿ ತಲೆ ಹಿಗ್ಗಿದಂತೆ ಕಾಣುತ್ತದೆ. ಹಿನ್ನೆಲೆ ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಈ ಕೆಲಸಕ್ಕೆ ಬೇಡವೇ ಬೇಡ, ನಮಗೆ ಬೇಕಾಗಿರುವುದೇ ಹಿನ್ನೆಲೆ. ಮತ್ತೆ, ತೆಗೆಯುವ ಮುಂಚೆ ಪ್ರತಿಸಲ ಲೆನ್ಸ್ ಒರೆಸಿ. ಮಕ್ಕಳ ತಲೆಗೆ ಎಣ್ಣೆ ಹಚ್ಚಿದ ಕೈಯಲ್ಲೇ ನಾವು ಫೋನ್ ಹಿಡಿಯುತ್ತೇವೆ. ಚಿತ್ರ ಮಂಜುಮಂಜಾಗಿ, ದೀಪಗಳ ಸುತ್ತ ಗೆರೆ ಎಳೆದಂತೆ ಬಂದರೆ ಮೊದಲು ಅನುಮಾನಿಸಬೇಕಾದ್ದು ಆ ಕೊಬ್ಬರಿ ಎಣ್ಣೆಯನ್ನು.

ಕ್ಯಾಮೆರಾ ಬ್ಯಾಗಿನೊಳಗೆ, ಬ್ಯಾಗು ಬೀರುವಿನೊಳಗೆ ಇದ್ದರೆ ಅದು ಹೊರಬರುವಷ್ಟರಲ್ಲಿ ಮಗು ಆಟ ಬದಲಿಸಿರುತ್ತದೆ. ನಿಮಗೆ ಒಂದೇ ಹೆಜ್ಜೆಗೆ ಸಿಗುವ, ಮಗುವಿಗೆ ಎಟುಕದ ಗೂಡಿನಲ್ಲಿಡಿ. ಸ್ಟ್ರಾಪ್ ಕೆಳಗೆ ಜೋತುಬೀಳಬಾರದು, ಎಳೆದರೆ ಕ್ಯಾಮೆರಾ ಮಗುವಿನ ತಲೆಯ ಮೇಲೇ ಬೀಳುತ್ತದೆ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಬೇಕಾಗುತ್ತದೆ, ಇಲ್ಲದಿದ್ದರೆ ಲೆನ್ಸ್‌ಗೆ ಬೂಷ್ಟು ಹಿಡಿಯುತ್ತದೆ. ಆ ಪೊಟ್ಟಣಗಳೂ ಮಗುವಿನ ಬಾಯಿಗೆ ಸಿಗದಂತಿರಲಿ.

ಹಂತ 3: ಮನೆಯ ಬೆಳಕನ್ನು ಗುರುತಿಸಿಕೊಳ್ಳಿ

ಒಂದು ರಜಾದಿನ ಬೆಳಿಗ್ಗೆ ಆರಕ್ಕೆ, ಒಂಬತ್ತಕ್ಕೆ, ಮಧ್ಯಾಹ್ನ, ನಾಲ್ಕಕ್ಕೆ, ಸಂಜೆ ಆರಕ್ಕೆ ಮನೆಯ ಪ್ರತಿ ಕೋಣೆಯಲ್ಲೂ ಒಂದು ಸುತ್ತು ಹಾಕಿ. ನಿಮ್ಮ ಅಂಗೈಯನ್ನೇ ಮುಂದೆ ಹಿಡಿದು ನೋಡಿ: ಅದರ ಮೇಲೆ ಬೆಳಕು ಯಾವ ಕಡೆಯಿಂದ ಬೀಳುತ್ತಿದೆ, ಬೆರಳುಗಳ ನೆರಳು ಗಟ್ಟಿಯೋ ಮೃದುವೋ? ಎಲ್ಲಿ ಮೃದುವಾಗಿ, ಒಂದು ಪಕ್ಕದಿಂದ ಬೆಳಕು ಬೀಳುತ್ತದೋ ಅದು ಒಳ್ಳೆಯ ಜಾಗ. ನಮ್ಮ ಮನೆಗಳಲ್ಲಿ ಇಂಥ ಜಾಗ ಸಾಮಾನ್ಯವಾಗಿ ಮುಂಬಾಗಿಲಿನಿಂದ ಎರಡು ಹೆಜ್ಜೆ ಒಳಗೆ, ಅಡುಗೆಮನೆಯ ಕಿಟಕಿಯ ಪಕ್ಕ, ಬಟ್ಟೆ ಒಣಹಾಕುವ ಬಾಲ್ಕನಿಯ ಹೊಸ್ತಿಲು. ತೊಟ್ಟಿಮನೆಯವರು ಪುಣ್ಯವಂತರು, ತೊಟ್ಟಿಯ ಸುತ್ತಲ ಪಡಸಾಲೆಯಲ್ಲಿ ಹಗಲೆಲ್ಲ ಒಳ್ಳೆಯ ಬೆಳಕಿರುತ್ತದೆ.

ಜಾಗ ಗೊತ್ತಾದ ಮೇಲೆ ಮಗುವನ್ನು ಅಲ್ಲಿಗೆ ಎಳೆದು ತರಬೇಡಿ. ಆಟದ ಬುಟ್ಟಿಯನ್ನು ಅಲ್ಲಿಗೆ ಸರಿಸಿ. ಹೋಂವರ್ಕ್ ಮಾಡುವ ಚಾಪೆಯನ್ನು ಕಿಟಕಿಯ ಪಕ್ಕ ಹಾಸಿ. ಸೊಪ್ಪು ಬಿಡಿಸಲು ಅತ್ತೆಯವರು ಹೇಗೂ ಬೆಳಕಿದ್ದ ಕಡೆಯೇ ಕೂರುತ್ತಾರೆ, ಮಗು ಅವರ ಪಕ್ಕಕ್ಕೆ ತಾನೇ ಬರುತ್ತದೆ.

ಹಗಲಿನಲ್ಲಿ ಟ್ಯೂಬ್‌ಲೈಟ್ ಆರಿಸಿ. ಕಿಟಕಿಯ ಬೆಳಕಿನ ಬಣ್ಣವೇ ಬೇರೆ, ಟ್ಯೂಬಿನ ಬಣ್ಣವೇ ಬೇರೆ. ಎರಡೂ ಕೂಡಿದರೆ ಮಗುವಿನ ಒಂದು ಕೆನ್ನೆ ಒಂದು ಬಣ್ಣ, ಇನ್ನೊಂದು ಕೆನ್ನೆ ಮತ್ತೊಂದು ಬಣ್ಣವಾಗಿ ಆಮೇಲೆ ಎಷ್ಟು ತಿದ್ದಿದರೂ ಸರಿಹೋಗುವುದಿಲ್ಲ. ಬಿಸಿಲು ನೇರವಾಗಿ ಒಳಗೆ ಬೀಳುತ್ತಿದ್ದರೆ ಕಿಟಕಿಗೆ ಒಂದು ತೆಳು ಬಿಳಿ ಪಂಚೆ ಕಟ್ಟಿ. ಸ್ಟುಡಿಯೋದವರು ದುಡ್ಡು ಕೊಟ್ಟು ಕೊಳ್ಳುವ ಸಾಮಾನು ಮಾಡುವ ಕೆಲಸವನ್ನು ಅದು ಮಾಡುತ್ತದೆ. ಆದರೆ ಕಿಟಕಿಯ ಸರಳುಗಳ ನೆರಳು ನೆಲದ ಮೇಲೆ ಬೀಳುತ್ತಿದ್ದರೆ ಒಂದೆರಡು ಚಿತ್ರ ಪಂಚೆ ಇಲ್ಲದೆಯೇ ತೆಗೆಯಿರಿ. ಆ ನೆರಳು ಆ ಮನೆಯದು.

ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ನೋಡಲು ಎಷ್ಟು ಚೆಂದವೋ ಫೋಟೋದಲ್ಲಿ ಅಷ್ಟೇ ತೊಂದರೆ ಕೊಡುತ್ತದೆ. ಬಿಸಿಲು ಅದರ ಮೇಲೆ ಬಿದ್ದು ಚಿಮ್ಮುವಾಗ ಮಗುವಿನ ಗಲ್ಲ, ಕತ್ತಿನ ಕೆಳಗೆ ಕೆಂಪು ಬಳಿದಂತೆ ಕಾಣುತ್ತದೆ. ಚೌಕಟ್ಟಿನ ಆಚೆ, ಕಿಟಕಿಯ ಕೆಳಗೆ, ಒಂದು ಬಿಳಿ ಬೆಡ್‌ಶೀಟ್ ಹಾಸಿದರೆ ಮುಕ್ಕಾಲು ಪಾಲು ಕಡಿಮೆಯಾಗುತ್ತದೆ. ಅಷ್ಟೂ ಆಗದಿದ್ದರೆ ಆ ಚಿತ್ರವನ್ನು ಕಪ್ಪುಬಿಳುಪು ಮಾಡಿ.

ರಾತ್ರಿಯ ಬೆಳಕಿನಲ್ಲಿ ಎಲ್ಲರೂ ಎಡವುವ ಒಂದು ಸಂಗತಿಯಿದೆ. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸುತ್ತು, ಸುತ್ತಿಗೆ ಎರಡು ಮಿನುಗು. ಹಾಗಾಗಿ ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ ಮತ್ತು ಅಗ್ಗದ ಎಲ್ಇಡಿ ಬಲ್ಬುಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಕಣ್ಣಿಗೆ ಕಾಣದಿದ್ದರೂ ಕ್ಯಾಮೆರಾಗೆ ಕಾಣುತ್ತದೆ. ಶಟರ್ ವೇಗ (ಚಿತ್ರಕ್ಕೆ ಬೆಳಕು ಬೀಳುವ ಹೊತ್ತು) ಸೆಕೆಂಡಿನ 1/100 ಅಥವಾ 1/50 ಇಟ್ಟರೆ ಮಿನುಗಿನ ಪೂರ್ತಿ ಸುತ್ತು ಚಿತ್ರದೊಳಗೆ ಸೇರಿ ಬೆಳಕು ಸಮನಾಗುತ್ತದೆ. 1/250 ಇಟ್ಟರೆ ಒಂದು ಚಿತ್ರ ಕಪ್ಪು, ಮುಂದಿನದು ಬೆಳ್ಳಗೆ, ಇನ್ನೊಂದು ಹಳದಿ ಬರಬಹುದು. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಗೋಡೆಯ ಮೇಲೆಲ್ಲ ಪಟ್ಟೆಪಟ್ಟೆ. ಆದ್ದರಿಂದ ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ಮೆಕ್ಯಾನಿಕಲ್ ಶಟರ್, 1/100. ಆ ವೇಗಕ್ಕೆ ಓಡಾಡುವ ಮಗು ಮಸುಕಾಗುತ್ತದೆ, ಕೂತು ಮಾಡುವ ಕೆಲಸಗಳು ಚೆನ್ನಾಗಿ ಬರುತ್ತವೆ: ಊಟ, ಕತೆ ಕೇಳುವುದು, ಅಪ್ಪನ ಹೊಟ್ಟೆಯ ಮೇಲೆ ಒರಗಿ ಟಿವಿ ನೋಡುವುದು. ಪಟ್ಟಿಯನ್ನು ಹಗಲು, ರಾತ್ರಿ ಎಂದು ಆಗಲೇ ಎರಡು ಮಾಡಿಕೊಳ್ಳಿ.

ಫ್ಲ್ಯಾಶ್ ಬೇಡ. ಅದು ಮಿಂಚಿದ ಕೂಡಲೇ ಮನೆಯವರೆಲ್ಲ ಮಾಡುತ್ತಿದ್ದುದನ್ನು ಬಿಟ್ಟು ನಿಮ್ಮ ಕಡೆ ತಿರುಗುತ್ತಾರೆ. ತೀರಾ ಬೇಕಾದರೆ ಬಿಳಿ ತಾರಸಿಗೆ ತಿರುಗಿಸಿ ಹೊಡೆಯಿರಿ. ಹೆಂಚಿನ ಮಾಡಿನ ಮನೆಯಲ್ಲಿ ಅದೂ ಆಗದು, ಹೆಂಚು ಬೆಳಕನ್ನು ವಾಪಸ್ ಕೊಡುವುದಿಲ್ಲ.

ಹಂತ 4: ಸೆಟ್ಟಿಂಗ್ ಒಮ್ಮೆ ಮಾಡಿ, ಮರೆತುಬಿಡಿ

ಹಗಲಿನ ಬೆಳಕಿನಲ್ಲಿ ಶಟರ್ ವೇಗ ಮಲಗಿದ ಮಗುವಿಗೆ 1/60, ಉಣ್ಣುವಾಗ 1/125, ಮನೆಯೊಳಗಿನ ಓಡಾಟಕ್ಕೆ 1/250, ಉಯ್ಯಾಲೆ ಮತ್ತು ಮಂಚದಿಂದ ಹಾರುವುದಕ್ಕೆ 1/500. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ, ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಎಫ್/2.8 ರಿಂದ ಎಫ್/4. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋ, ಗರಿಷ್ಠ 6400. ಇಷ್ಟೇ.

ದುಬಾರಿ ಲೆನ್ಸ್ ಕೊಂಡವರು ಎಫ್/1.4ರಲ್ಲೇ ತೆಗೆಯಲು ಆಸೆಪಡುತ್ತಾರೆ. 35 ಎಂಎಂ ಲೆನ್ಸಿನಲ್ಲಿ, ಎರಡು ಮೀಟರ್ ದೂರದಿಂದ, ಎಫ್/1.4ರಲ್ಲಿ ಸ್ಪಷ್ಟವಾಗಿ ಬರುವ ಪದರ ಸುಮಾರು ಕಾಲು ಮೀಟರ್. ಎಫ್/2.8ರಲ್ಲಿ ಅರ್ಧ ಮೀಟರಿಗೂ ತುಸು ಹೆಚ್ಚು. ತೊಡೆಯ ಮೇಲಿನ ಮಗುವಿನ ಮುಖವೂ ಹಿಂದಿನಿಂದ ಜಡೆ ಹಾಕುತ್ತಿರುವ ಅಜ್ಜಿಯ ಮುಖವೂ ಎರಡೂ ಸ್ಪಷ್ಟವಾಗಿರಬೇಕಾದರೆ ಆ ಅರ್ಧ ಮೀಟರ್ ಬೇಕೇ ಬೇಕು. ಐಎಸ್ಒ ಏರಿ ಚಿತ್ರದಲ್ಲಿ ಕಾಳುಕಾಳು ಕಂಡರೆ ಪರವಾಗಿಲ್ಲ, ಪ್ರಿಂಟಿನಲ್ಲಿ ಅದು ಹೆಚ್ಚು ಕಾಣುವುದೂ ಇಲ್ಲ.

ಇನ್ನೊಂದು ಸಣ್ಣ ವಿಷಯ, ನಮ್ಮ ಮೈಬಣ್ಣಕ್ಕೆ ಸಂಬಂಧಿಸಿದ್ದು. ಕ್ಯಾಮೆರಾ ತಾನು ಕಂಡದ್ದನ್ನೆಲ್ಲ ನಡುಮಧ್ಯದ ಬೂದು ಎಂದುಕೊಂಡು ಬೆಳಕಿನ ಲೆಕ್ಕ ಹಾಕುತ್ತದೆ. ಸುಣ್ಣ ಬಳಿದ ಗೋಡೆಯ ಮುಂದೆ ಕಂದುಬಣ್ಣದ ಮಗು ನಿಂತರೆ ಅದು ಗೋಡೆಯನ್ನು ಬೂದು ಮಾಡಲು ಹೋಗಿ ಮಗುವನ್ನು ಕಪ್ಪಾಗಿಸಿಬಿಡುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಚಿತ್ರದ ಬೆಳಕನ್ನು ಏರಿಸಿ ಇಳಿಸುವ ಸೆಟ್ಟಿಂಗ್) +0.7 ಅಥವಾ +1ಕ್ಕೆ ಏರಿಸಿ. ಫೋನಿನಲ್ಲಾದರೆ ಮಗುವಿನ ಮುಖದ ಮೇಲೆ ಬೆರಳಿಡಿ, ಬರುವ ಸೂರ್ಯನ ಗುರುತನ್ನು ಮೇಲಕ್ಕೆ ಎಳೆಯಿರಿ. ಆಮೇಲೆ ಎಡಿಟಿಂಗಿನಲ್ಲಿ ಚರ್ಮವನ್ನು ಬೆಳ್ಳಗೆ ಮಾಡುವ ಫಿಲ್ಟರ್ ಹಾಕುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಫೋನಿನ ಬ್ಯೂಟಿ ಮೋಡ್ ತಾನಾಗಿಯೇ ಇದನ್ನು ಮಾಡುತ್ತಿರಬಹುದು, ಸೆಟ್ಟಿಂಗಿನಲ್ಲಿ ಹುಡುಕಿ ಆರಿಸಿ. ಮಗು ದೊಡ್ಡದಾದ ಮೇಲೆ ತನ್ನ ಬಣ್ಣ ತನ್ನ ಮನೆಯವರಿಗೆ ಸಾಲಲಿಲ್ಲ ಎಂದು ಆ ಫೋಟೋಗಳಿಂದ ತಿಳಿಯುವಂತಾಗಬಾರದು.

ಹಂತ 5: ಕೆಳಗೆ ಕೂರಿ, ಕರೆಯಬೇಡಿ

ನಿಂತು ತೆಗೆದರೆ ನೆತ್ತಿ ಮತ್ತು ನೆಲ ಬರುತ್ತದೆ. ಚಕ್ಕಳಮಕ್ಕಳ ಹಾಕಿ ಕೂತರೆ ಮಗು ದಿನವೂ ಕಾಣುವ ಮನೆ ಬರುತ್ತದೆ: ಮೇಜಿನ ಅಡಿಭಾಗ, ದೊಡ್ಡವರ ಮೊಣಕಾಲು, ಸೀರೆಯ ನೆರಿಗೆ, ಎತ್ತರದಲ್ಲಿರುವ ಬಾಗಿಲ ಚಿಲಕ. ತೆವಳುವ ಮಗುವಾದರೆ ಹೊಟ್ಟೆಯ ಮೇಲೆ ಮಲಗಿ.

ಕ್ಯಾಮೆರಾ ಹಿಡಿದ ಕೂಡಲೇ ತೆಗೆಯಲು ಶುರುಮಾಡಬೇಡಿ. ಮಗುವಿನ ಪಕ್ಕ ಕೂತು, ಕ್ಯಾಮೆರಾ ತೊಡೆಯ ಮೇಲಿಟ್ಟು, ಐದು ನಿಮಿಷ ಬ್ಲಾಕ್ ಜೋಡಿಸಿ ಕೊಡಿ. ಮಗುವಿಗೆ ನಿಮ್ಮ ಇರವು ಮರೆತ ಮೇಲೆ ಒಂದೊಂದಾಗಿ ತೆಗೆಯಿರಿ. "ಪುಟ್ಟಾ, ಇಲ್ಲಿ ನೋಡು", "ಎಲ್ಲಿ, ಹಲ್ಲು ತೋರ್ಸು" ಎಂದರೆ ಮುಗಿಯಿತು. ಆಟ ನಿಲ್ಲುತ್ತದೆ, ಮಗು ಕ್ಯಾಮೆರಾಕ್ಕೆಂದೇ ಕಲಿತ ನಗು ನಗುತ್ತದೆ. ನೋಡದಿದ್ದರೆ ನೋಡದಿರಲಿ. ಕೈ ಬೆರಳುಗಳು ಬೆಂಕಿಪೊಟ್ಟಣದ ರೈಲಿಗೆ ಬೋಗಿ ಸಿಕ್ಕಿಸುತ್ತಿರುವಾಗ ಕಣ್ಣು ಅಲ್ಲೇ ಇರಬೇಕು.

ಕ್ಯಾಮೆರಾ ಬೇಕು ಎಂದು ಮಗು ಹಟ ಮಾಡಿದರೆ ಕೊಡಿ. ಸ್ಟ್ರಾಪನ್ನು ನಿಮ್ಮ ಕೈಗೆ ಸುತ್ತಿಕೊಂಡು, ಗುಂಡಿ ಒತ್ತಲು ಬಿಡಿ. ನನ್ನ ಮಗಳು ತೆಗೆದ ಫೋಟೋಗಳಲ್ಲಿ ನಮ್ಮೆಲ್ಲರ ಹೊಟ್ಟೆ ಮತ್ತು ಮೂಗಿನ ಹೊಳ್ಳೆಗಳೇ ತುಂಬಿವೆ, ಅವನ್ನೂ ಉಳಿಸಿದ್ದೇನೆ. ಆ ಎತ್ತರದಿಂದ ನಾವು ಅವಳಿಗೆ ಕಾಣುತ್ತಿದ್ದದ್ದು ಹಾಗೆಯೇ.

ಹಂತ 6: ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ತೆಗೆಯಿರಿ

ಬಿಡಿ ಚಿತ್ರಗಳಿಗಿಂತ ಒಂದೇ ಕೆಲಸದ ಎಂಟು ಹತ್ತು ಚಿತ್ರಗಳ ಸರಣಿ ಹೆಚ್ಚು ಹೇಳುತ್ತದೆ. ಪಟ್ಟಿಯಿಂದ ತಿಂಗಳಿಗೊಂದನ್ನು ಆರಿಸಿಕೊಳ್ಳಿ. ಭಾನುವಾರದ ಎಣ್ಣೆಸ್ನಾನವನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಇದರಲ್ಲಿ ಬೆಳಕು, ಹಬೆ, ಹೊಗೆ, ಅಳು, ನಿದ್ದೆ ಎಲ್ಲವೂ ಇದೆ.

ಮೊದಲ ಚಿತ್ರ ಮಗುವಿಲ್ಲದ್ದು. ಒಲೆಯ ಪಕ್ಕ ಬೆಚ್ಚಗಾಗಲು ಇಟ್ಟ ಎಣ್ಣೆ ಬಟ್ಟಲು, ಹಂಡೆಯ ಕೆಳಗಿನ ಬೆಂಕಿ ಅಥವಾ ಗೀಸರಿನ ಕೆಂಪು ದೀಪ, ಒಗೆದು ಮಡಚಿಟ್ಟ ಟವಲು. ಸಿದ್ಧತೆಯ ಈ ಚಿತ್ರವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಆಮೇಲೆ ಅಗಲವಾದ ಚಿತ್ರ ಒಂದು: ಕೋಣೆ, ಮಣೆಯ ಮೇಲೆ ಕೂತ ಮಗು, ಹಿಂದೆ ಅಜ್ಜಿ, ಬಾಗಿಲಲ್ಲಿ ತನ್ನ ಸರದಿಗೆ ಹೆದರಿ ನಿಂತ ಅಣ್ಣನೋ ಅಕ್ಕನೋ. ಇನ್ನು ಹತ್ತಿರ ಬನ್ನಿ. ನೆತ್ತಿಗೆ ಎಣ್ಣೆ ತಟ್ಟುವ ಅಂಗೈ, ಮುಚ್ಚಿದ ಕಣ್ಣು, ಬೆನ್ನು ತಿಕ್ಕುವಾಗ ಅಜ್ಜಿಯ ಬಳೆಗಳು ಮೊಣಕೈಗೆ ಸರಿದಿರುವುದು. ಎಣ್ಣೆ ಹಚ್ಚಿದ ಮೈಮೇಲೆ ಪಕ್ಕದ ಕಿಟಕಿಯ ಬೆಳಕು ಹೊಳೆಯುತ್ತದೆ. ಆ ಹೊಳಪೇ ಸುಟ್ಟುಹೋದಂತೆ ಬೆಳ್ಳಗಾಗದಿರಲು ಇಲ್ಲಿ ಮಾತ್ರ ಎಕ್ಸ್‌ಪೋಷರನ್ನು ಸ್ವಲ್ಪ ಇಳಿಸಿ.

ಬಚ್ಚಲುಮನೆಗೆ ಹೋಗುವ ಕಾಲು ಗಂಟೆ ಮೊದಲೇ ಕ್ಯಾಮೆರಾವನ್ನು ಅದರ ಬಾಗಿಲ ಬಳಿ ಇಡಿ. ತಣ್ಣನೆಯ ಕೋಣೆಯಿಂದ ನೇರ ಹಬೆಯೊಳಗೆ ಒಯ್ದರೆ ಲೆನ್ಸ್ ಮಂಜಾಗುತ್ತದೆ, ಒರೆಸಿದಷ್ಟೂ ಮತ್ತೆ ಕಟ್ಟುತ್ತದೆ. ಸ್ನಾನದ ಚಿತ್ರಗಳನ್ನು ಹೇಗೆ ತೆಗೆಯಬೇಕು ಎನ್ನುವುದರಲ್ಲಿ ನಾನು ಕಟ್ಟುನಿಟ್ಟು: ಹೆಗಲ ಮೇಲಿನಷ್ಟು, ಅಥವಾ ಬೆನ್ನ ಹಿಂದಿನಿಂದ, ಅಥವಾ ಚೊಂಬಿನಿಂದ ಸುರಿಯುವ ನೀರು ಮಾತ್ರ. ಮೈಪೂರ್ತಿ ಕಾಣುವ ಚಿತ್ರವನ್ನು ತೆಗೆಯುವುದೇ ಇಲ್ಲ. ತೆಗೆಯದಿದ್ದ ಫೋಟೋ ಯಾವ ಫೋನಿನಿಂದಲೂ ಸೋರಿಹೋಗಲಾರದು. ನೀರು ಕಣ್ಣಿಗೆ ಹೋಗಿ ಮಗು ಚೀರಿದರೆ ಕ್ಯಾಮೆರಾ ಬದಿಗಿಟ್ಟು ಟವಲು ಹಿಡಿದು ಹೋಗಿ, ಆ ಹೊತ್ತಿಗೆ ನೀವು ಅಮ್ಮನೋ ಅಪ್ಪನೋ ಅಷ್ಟೇ.

ಸಾಂಬ್ರಾಣಿ ಹಾಕುವ ಮನೆಯಾದರೆ ಮುಖ್ಯ ಚಿತ್ರ ಅಲ್ಲಿದೆ. ಹೊಗೆ ಕಾಣಬೇಕಾದರೆ ಬೆಳಕು ಅದರ ಹಿಂದಿನಿಂದ ಬರಬೇಕು. ಕಿಟಕಿ ನಿಮ್ಮ ಎದುರಿಗೆ, ತುಸು ಪಕ್ಕಕ್ಕಿರಲಿ, ನಡುವೆ ಅಜ್ಜಿ ಮತ್ತು ಮಗು, ಅವರ ಹಿಂದೆ ಆದಷ್ಟು ಕತ್ತಲ ಗೋಡೆ. ಫೋಕಸ್ ಕೂದಲ ಮೇಲೆ. ಹೊಗೆಯ ಮೇಲೆ ಫೋಕಸ್ ಮಾಡಲು ಬಿಟ್ಟರೆ ಕ್ಯಾಮೆರಾ ಹಿಂದೆಮುಂದೆ ಹುಡುಕುತ್ತಲೇ ಇರುತ್ತದೆ. ಮಗು ಕೆಂಡದಿಂದ ದೂರವಿರುವುದನ್ನು ನೋಡಿಕೊಳ್ಳಲು ಇನ್ನೊಬ್ಬರಿರಲಿ. ಕೊನೆಗೆ ಬಿಸಿಬಿಸಿ ಸಾರು ಅನ್ನ, ಆಮೇಲಿನ ಗಾಢ ನಿದ್ದೆ. ಮಲಗಿದ ಮಗುವಿನ ಫೋಟೋ ತೆಗೆಯಬಾರದು ಎನ್ನುವ ಹಿರಿಯರು ಕೆಲವು ಮನೆಗಳಲ್ಲಿದ್ದಾರೆ, ದೃಷ್ಟಿಯ ಮಾತೂ ಬರುತ್ತದೆ. ಅವರ ಎದುರು ವಾದ ಹೂಡಬೇಡಿ. ಚಾಪೆಯ ಅಂಚಿನಲ್ಲಿ ಕಾಣುವ ಪಾದಗಳ ಚಿತ್ರಕ್ಕೆ ಯಾರೂ ಬೇಡವೆನ್ನುವುದಿಲ್ಲ.

ಇದೇ ಕ್ರಮವನ್ನು ಬೆಳಗಿನ ಶಾಲೆಯ ಗಡಿಬಿಡಿಗೂ, ತರಕಾರಿ ತರಲು ಸಂತೆಗೆ ಹೋಗುವುದಕ್ಕೂ, ಜ್ವರದ ಒಂದು ದಿನಕ್ಕೂ ಅನ್ವಯಿಸಿ: ಸಿದ್ಧತೆ, ಅಗಲ, ಹತ್ತಿರ, ಕೈಗಳು, ಮುಗಿದ ಮೇಲೆ ಉಳಿದದ್ದು.

ಹಂತ 7: ದೊಡ್ಡವರನ್ನು ಸೇರಿಸಿ, ತೆಗೆಯುವವರನ್ನೂ

"ತಾಳಮ್ಮ, ಈ ಹಳೇ ಸೀರೇಲಿ ತೆಗೀಬೇಡ, ಬದಲಾಯಿಸ್ಕೊಂಡು ಬರ್ತೀನಿ" ಎನ್ನುತ್ತಾರೆ ಅತ್ತೆ. ಅವರ ಮಾತಿಗೆ ಬೆಲೆ ಕೊಡಬೇಕು. ಮೊದಲು ಅವರಿಗೆ ಬೇಕಾದ ಫೋಟೋ ತೆಗೆಯಿರಿ: ರೇಷ್ಮೆ ಸೀರೆ, ಹೂವು, ನೆಟ್ಟಗೆ ನಿಂತು. ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕೈಗೆ ಕೊಡಿ. ತಮ್ಮ ಚೆನ್ನಾದ ಫೋಟೋ ಒಂದು ಮನೆಯಲ್ಲಿದೆ ಎಂಬ ಸಮಾಧಾನವಾದ ಮೇಲೆ ನೂಲಿನ ಸೀರೆಯಲ್ಲಿ ಮೊಮ್ಮಗನಿಗೆ ತುತ್ತಿಡುವಾಗ ನೀವು ಪಕ್ಕದಲ್ಲಿದ್ದರೂ ಅವರು ಗಮನಿಸುವುದಿಲ್ಲ.

ಮನೆಯಲ್ಲಿ ಫೋಟೋ ತೆಗೆಯುವವರು ಫೋಟೋಗಳಲ್ಲಿ ಇರುವುದಿಲ್ಲ. ಬಹಳ ಮನೆಗಳಲ್ಲಿ ಅದು ಅಮ್ಮ. ಮಕ್ಕಳ ಬಾಲ್ಯದ ಆಲ್ಬಮ್ ತಿರುವಿದರೆ ದಿನವಿಡೀ ಜೊತೆಗಿದ್ದವಳೇ ಕಾಣುವುದಿಲ್ಲ. ಇದಕ್ಕೆ ಪರಿಹಾರ ಕಷ್ಟವಲ್ಲ. ಕ್ಯಾಮೆರಾವನ್ನು ಪುಸ್ತಕಗಳ ಮೇಲೋ ಫ್ರಿಜ್ಜಿನ ಮೇಲೋ ಇಟ್ಟು, ಇಂಟರ್ವಲ್ ಟೈಮರ್ ಹತ್ತು ಸೆಕೆಂಡಿಗೊಂದರಂತೆ ಇಟ್ಟು, ಮರೆತು ಕೆಲಸ ಮಾಡಿ. ಅರ್ಧ ಗಂಟೆಗೆ 180 ಚಿತ್ರ ಬರುತ್ತವೆ, ಎರಡು ಒಳ್ಳೆಯದಿದ್ದರೆ ಸಾಕು. ಗಂಡನಿಗೋ ತಂಗಿಗೋ ಕ್ಯಾಮೆರಾ ಕೊಡುವಾಗ ಸೆಟ್ಟಿಂಗ್ ಎಲ್ಲ ಮಾಡಿ, "ನಾವು ನಿನ್ನ ಕಡೆ ನೋಡಲ್ಲ, ಸುಮ್ಮನೆ ಒತ್ತು" ಎಂದು ಹೇಳಿ ಕೊಡಿ. ತಲೆ ಬಾಚದ, ನೈಟಿ ಹಾಕಿದ ಬೆಳಗಿನ ನಿಮ್ಮನ್ನೂ ಉಳಿಸಿ. ಮಕ್ಕಳು ಪ್ರೀತಿಸುವ ಅಮ್ಮ ಅವಳೇ.

ಹಂತ 8: ಮಗುವಿನ 'ಬೇಡ'ಕ್ಕೆ ಬೆಲೆ ಕೊಡಿ

ಮಾತು ಬಂದ ಮಗು ಬೇಡ ಎಂದರೆ ಆ ಕ್ಷಣವೇ ಕ್ಯಾಮೆರಾ ಇಳಿಸಿ. ಅತ್ತದ್ದು, ಹೊಡೆತ ತಿಂದದ್ದು, ಹಾಸಿಗೆ ಒದ್ದೆ ಮಾಡಿಕೊಂಡದ್ದು ಮಗುವಿಗೆ ಅವಮಾನದ ಗಳಿಗೆಗಳು. ಮನೆಯ ಅಳುವಿನಲ್ಲೂ ತೆಗೆಯಬಹುದಾದದ್ದು ಇದೆ, ಉದಾಹರಣೆಗೆ ಮುನಿಸಿಕೊಂಡು ಬಾಗಿಲ ಹಿಂದೆ ನಿಂತದ್ದು. ಆದರೆ ದೊಡ್ಡವನಾದ ಮೇಲೆ ಅವನು ಅದನ್ನು ನೋಡಿ ನಗಬಲ್ಲನೇ ಎಂದು ಕೇಳಿಕೊಂಡೇ ಒತ್ತಿ.

ತೆಗೆಯುವುದು ಬೇರೆ, ಹಂಚುವುದು ಬೇರೆ. ಇನ್‌ಸ್ಟಾಗ್ರಾಮಿಗೋ ವಾಟ್ಸಾಪ್ ಸ್ಟೇಟಸ್ಸಿಗೋ ಹಾಕುವ ಮುನ್ನ ಶಾಲೆಯ ಬ್ಯಾಡ್ಜ್, ಐಡಿ ಕಾರ್ಡ್, ಶಾಲಾ ವ್ಯಾನಿನ ನಂಬರ್, ಮನೆಯ ಮುಂದಿನ ಬೋರ್ಡ್ ಕಾಣುತ್ತಿದೆಯೇ ನೋಡಿ. ಫೋನಿನ ಕ್ಯಾಮೆರಾ ತೆಗೆದ ಸ್ಥಳವನ್ನೂ ಚಿತ್ರದೊಳಗೆ ಬರೆದಿಡಬಹುದು, ಹಂಚುವಾಗ ಲೊಕೇಶನ್ ತೆಗೆದುಹಾಕಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದು ಕರೆದು ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಒಬ್ಬ ವ್ಯಕ್ತಿ ತನ್ನ ಸ್ವಂತಕ್ಕೆ, ಮನೆಯ ಬಳಕೆಗೆ ಇಟ್ಟುಕೊಂಡದ್ದು ಅದರ ವ್ಯಾಪ್ತಿಗೆ ಬರುವುದಿಲ್ಲ. ಅಂದರೆ ನಮ್ಮ ಮನೆಯೊಳಗಿನ ಕಾವಲು ನಮ್ಮದೇ. ಪಕ್ಕದ ಮನೆಯ ಮಗು ಚಿತ್ರದಲ್ಲಿದ್ದರೆ ಅವರ ಅಮ್ಮನನ್ನು ಕೇಳದೆ ಎಲ್ಲೂ ಹಾಕಬೇಡಿ.

ಹಂತ 9: ವಾರಕ್ಕೊಮ್ಮೆ ಆರಿಸಿ

ಭಾನುವಾರ ರಾತ್ರಿ ಮಕ್ಕಳು ಮಲಗಿದ ಮೇಲೆ ಆ ವಾರದ ಚಿತ್ರಗಳನ್ನು ನೋಡಿ. ಮಸುಕಾದ್ದು, ಒಂದೇ ತರಹದ್ದು ಅಳಿಸಿ. ಉಳಿದದ್ದರಲ್ಲಿ ಐದನ್ನು ಮೀರದಂತೆ ಆರಿಸಿ ಬೇರೆ ಫೋಲ್ಡರಿಗೆ ಹಾಕಿ. ಮುಖ ಮುದ್ದಾಗಿರುವ ಚಿತ್ರಕ್ಕೂ ಮುಖ ಅರ್ಧ ಮರೆಯಾಗಿ ಇಡೀ ಅಡುಗೆಮನೆ ಕಾಣುವ ಚಿತ್ರಕ್ಕೂ ಪೈಪೋಟಿ ಬಂದರೆ ಎರಡನೆಯದನ್ನು ಇಟ್ಟುಕೊಳ್ಳಿ. ಬೆಳಕು, ಬಣ್ಣ ಸ್ವಲ್ಪ ಸರಿಮಾಡಿ, ವಕ್ರವಿದ್ದರೆ ನೇರ ಮಾಡಿ. ಹಿಂದಿನ ಒಣಗಿದ ಬಟ್ಟೆ, ಚೆಲ್ಲಿದ ಆಟಿಕೆಗಳನ್ನು ಅಳಿಸುವ ಆ್ಯಪ್‌ಗಳು ಬಂದಿವೆ, ಅವನ್ನು ಇಲ್ಲಿ ಬಳಸಬೇಡಿ.

ಫೋಲ್ಡರಿನ ಹೆಸರು ವರ್ಷ, ತಿಂಗಳು, ದಿನ, ವಿಷಯ ಈ ಕ್ರಮದಲ್ಲಿರಲಿ: 2025-06-15 ಎಣ್ಣೆಸ್ನಾನ. ಹಾಗಿಟ್ಟರೆ ಕಂಪ್ಯೂಟರ್ ತಾನೇ ಕಾಲಕ್ರಮದಲ್ಲಿ ಜೋಡಿಸುತ್ತದೆ. ಕ್ಯಾಮೆರಾದ ಗಡಿಯಾರ ಸರಿಯಿದೆಯೇ ಎಂದು ಒಮ್ಮೆ ನೋಡಿ, ಬ್ಯಾಟರಿ ಬಹಳ ದಿನ ತೆಗೆದಿಟ್ಟರೆ ಅದು ತಪ್ಪುತ್ತದೆ.

ಆ ರಾತ್ರಿಯೇ ಇನ್ನೊಂದು ಕೆಲಸ. ಫೋನಿನ ರೆಕಾರ್ಡರಿನಲ್ಲಿ ಆ ವಾರ ಹಿಡಿದಿಟ್ಟ ದನಿ ಏನಾದರೂ ಇದ್ದರೆ, ಅಂದರೆ ಅಜ್ಜಿಯ ಜೋಗುಳವೋ ಮಗುವಿನ ತೊದಲೋ, ಅದನ್ನೂ ಅದೇ ಫೋಲ್ಡರಿಗೆ ಹಾಕಿ.

ಹಂತ 10: ಮೂರು ಕಡೆ ಇಡಿ, ಕಾಗದಕ್ಕೆ ತನ್ನಿ

ಪ್ರತಿ ಚಿತ್ರ ಮೂರು ಕಡೆ, ಎರಡು ಬಗೆಯ ಸಾಧನದಲ್ಲಿ, ಅದರಲ್ಲಿ ಒಂದು ಮನೆಯ ಹೊರಗೆ. ನನ್ನ ವ್ಯವಸ್ಥೆ ಹೀಗೆ: ಕಂಪ್ಯೂಟರಿನಲ್ಲಿ ಒಂದು, ಹಾರ್ಡ್ ಡಿಸ್ಕಿನಲ್ಲಿ ಒಂದು, ಇನ್ನೊಂದು ಹಾರ್ಡ್ ಡಿಸ್ಕ್ ತವರುಮನೆಯ ಬೀರುವಿನಲ್ಲಿ, ಹಬ್ಬಕ್ಕೆ ಹೋದಾಗ ಅದಕ್ಕೆ ಹೊಸದನ್ನು ತುಂಬಿಸಿ ಬರುತ್ತೇನೆ. ಕ್ಲೌಡ್ ಬಳಸುವವರು ಬಳಸಬಹುದು. ಆದರೆ ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಮಿತಿಯಿಲ್ಲದ ಉಚಿತ ಜಾಗವನ್ನು ನಿಲ್ಲಿಸಿತು ಎನ್ನುವುದು ನೆನಪಿರಲಿ. ಕೊಡುವವರ ನಿಯಮ ಬದಲಾಗುತ್ತದೆ. ವಾಟ್ಸಾಪಿನಲ್ಲಿ ಕಳಿಸಿದ ಚಿತ್ರವನ್ನು ಕಾಪಿ ಎಂದು ಲೆಕ್ಕ ಹಿಡಿಯಬೇಡಿ, ಅದು ಕುಗ್ಗಿಸಿದ್ದು. ನೆಂಟರಿಗೆ ಪ್ರಿಂಟ್ ಹಾಕಿಸಲು ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ.

4×6 ಇಂಚಿನ ಪ್ರಿಂಟಿಗೆ 1200×1800 ಪಿಕ್ಸೆಲ್ ಸಾಕು. ಹಾಗಾಗಿ ಹಳೆಯ ಫೋನಿನ ಚಿತ್ರಗಳೂ ಚೆನ್ನಾಗಿಯೇ ಬರುತ್ತವೆ. ಫೋನಿನ ಚಿತ್ರ ಸಾಮಾನ್ಯವಾಗಿ 4:3 ಆಕಾರದ್ದು, ಈ ಕಾಗದ 3:2. ಲ್ಯಾಬಿನವರು ಕಾಗದ ತುಂಬುವಂತೆ ಹಾಕಿದರೆ ಚಿತ್ರದ ಒಂಬತ್ತನೇ ಒಂದು ಭಾಗ ಕತ್ತರಿಸಿಹೋಗುತ್ತದೆ, ಕೆಲವೊಮ್ಮೆ ಅಜ್ಜಿಯ ಹಣೆಯೇ ಹೋಗಬಹುದು. ನೀವೇ ಮೊದಲು 3:2ಕ್ಕೆ ಕತ್ತರಿಸಿ ಕೊಡಿ, ಇಲ್ಲವೇ ಬಿಳಿ ಅಂಚು ಬಿಟ್ಟು ಹಾಕಲು ಹೇಳಿ. ವರ್ಷಕ್ಕೆ ನೂರು ಪ್ರಿಂಟ್, ಒಂದು ಆಲ್ಬಮ್. ಅಂಟು ಹಾಳೆಯ ಮೇಲೆ ಪ್ಲಾಸ್ಟಿಕ್ ಮುಚ್ಚುವ ಆಲ್ಬಮ್ ಬೇಡ, ವರ್ಷ ಕಳೆದಂತೆ ಅಂಟು ಹಳದಿಯಾಗಿ ಫೋಟೋ ಕಿತ್ತು ಬರುವುದಿಲ್ಲ. ಜೇಬಿನಂತೆ ಒಳಗೆ ತೂರಿಸುವ ಆಲ್ಬಮ್ ಕೊಳ್ಳಿ.

ಪ್ರತಿ ಪ್ರಿಂಟಿನ ಹಿಂದೆ ತಾರೀಕು, ಊರು, ಮನೆ, ಇರುವವರ ಹೆಸರು ಬರೆಯಿರಿ. ಹೆಸರು ಬರೆಯುವಾಗ 'ಅಜ್ಜಿ' ಎಂದಷ್ಟೇ ಬಿಡಬೇಡಿ. ಮೊಮ್ಮಕ್ಕಳ ಮಕ್ಕಳಿಗೆ ಯಾವ ಅಜ್ಜಿ ಎಂದು ಗೊತ್ತಾಗುವುದಿಲ್ಲ. ಆ ದಿನ ಮಗು ಏನಾದರೂ ಹೇಳಿದ್ದರೆ ಅದೇ ಮಾತಿನಲ್ಲಿ ಒಂದು ಸಾಲು. ಬಾಲ್‌ಪೆನ್ ಬೇಡ, ಒತ್ತಿ ಬರೆದರೆ ಅಕ್ಷರದ ಗುರುತು ಮುಂಭಾಗಕ್ಕೆ ಮೂಡುತ್ತದೆ. ಲ್ಯಾಬಿನ ನುಣುಪು ಕಾಗದದ ಮೇಲೆ ಪೆನ್ಸಿಲ್ ಹಿಡಿಯುವುದೂ ಇಲ್ಲ. ಸಣ್ಣ ಮೊನೆಯ ಪರ್ಮನೆಂಟ್ ಪೆನ್ನಿನಲ್ಲಿ ಅಂಚಿಗೆ ಹಗುರವಾಗಿ ಬರೆದು, ಪೂರ್ತಿ ಒಣಗಿದ ಮೇಲೆಯೇ ಒಂದರ ಮೇಲೊಂದು ಜೋಡಿಸಿ.